ಉಪಕೇಂದ್ರಗಳ ಚರಿತ್ರೆಯನ್ನೂ ಬರೆಸಿ: ಶಿವಮೊಗ್ಗ ಧರ್ಮಾಧ್ಯಕ್ಷರಿಗೆ, ನಮ್ಮ ಗುರುಗಳಿಗೆ, ನಮ್ಮ ಜನಕ್ಕೆ ಒಂದು ಬಹಿರಂಗ ಪತ್ರ

ಶಿವಮೊಗ್ಗ ಕಥೋಲಿಕ ಧರ್ಮಕ್ಷೇತ್ರದ ಪೂಜ್ಯ ಧರ್ಮಾಧ್ಯಕ್ಷರಿಗೆ (ಬಿಷಪ್), ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಧರ್ಮಕೇಂದ್ರಗಳ ಗುರುಗಳಿಗೆ, ಭಾನುವಾರ ಪೂಜೆ ಮುಗಿದ ಮೇಲೆ ಗುಡಿ ಮುಂದೆ ನಿಂತು ಮಾತಾಡುವ ನಮ್ಮ ಜನಕ್ಕೆ,

ವಂದನೆಗಳು.

2038ರ ನವೆಂಬರ್ 14ಕ್ಕೆ ನಮ್ಮ ಧರ್ಮಕ್ಷೇತ್ರಕ್ಕೆ, ಅಂದರೆ ಒಬ್ಬ ಬಿಷಪ್ಪರ ಆಡಳಿತಕ್ಕೆ ಸೇರಿದ ಈ ಸೀಮೆಗೆ, 50 ವರ್ಷ ತುಂಬುತ್ತದೆ. ಇನ್ನೂ ದೂರ ಇದೆಯಲ್ಲ ಅಂತ ನಗಬೇಡಿ. ಸುವರ್ಣ ಮಹೋತ್ಸವ ಅಂದ ಮೇಲೆ ಸ್ಮರಣ ಸಂಚಿಕೆ ಬಂದೇ ಬರುತ್ತದೆ. ‘ನಿಮ್ಮ ಧರ್ಮಕೇಂದ್ರದ ಚರಿತ್ರೆಯನ್ನು ಎರಡು ಪುಟದಲ್ಲಿ ಬರೆದು ಕಳಿಸಿ, ಜೊತೆಗೆ ಫೋಟೋ ಇರಲಿ’ ಅಂತ ಸುತ್ತೋಲೆಯೂ ಬರುತ್ತದೆ. ಆಗ ಇರುವ ಗುರುಗಳು ಊರಿಗೆ ಹೊಸಬರಾಗಿರುತ್ತಾರೆ. ಪಾಪ, ಅವರು ಬೀರು ತೆಗೆದು ಹಳೆಯ ಸಂಚಿಕೆ ಹುಡುಕುತ್ತಾರೆ. ಅದರಲ್ಲಿದ್ದದ್ದನ್ನೇ ಇಳಿಸಿಕೊಂಡು, ಕೊನೆಗೆ ಈಚಿನ ನಾಲ್ಕು ಹೆಸರು ಸೇರಿಸಿ ಕಳಿಸುತ್ತಾರೆ.

ಆ ಎರಡು ಪುಟದಲ್ಲಿ ಏನಿರುತ್ತದೆ ಅಂತ ಈಗಲೇ ಹೇಳಬಹುದು. ಯಾವ ಗುರು ಯಾವ ವರ್ಷದಿಂದ ಯಾವ ವರ್ಷದವರೆಗೆ ಇದ್ದರು. ಯಾರ ಕಾಲದಲ್ಲಿ ಗಂಟೆ ಗೋಪುರ ಎದ್ದಿತು, ಯಾರು ಮರಿಯ ಮಾತೆಯ ಗವಿ ಕಟ್ಟಿಸಿದರು, ಯಾರು ನೆಲಕ್ಕೆ ಟೈಲ್ಸ್ ಹಾಕಿಸಿದರು. ಶಾಸಕರ ಶುಭ ಸಂದೇಶ. ಟ್ರ್ಯಾಕ್ಟರ್ ಶೋರೂಮಿನ ಜಾಹೀರಾತು. ಕೊನೆಯಲ್ಲಿ ಒಂದು ಸಾಲು: ‘ಈ ಧರ್ಮಕೇಂದ್ರಕ್ಕೆ ಸೇರಿದ ಉಪಕೇಂದ್ರಗಳು’ ಅಂತ ನಾಲ್ಕೈದು ಹಳ್ಳಿಗಳ ಹೆಸರು.

ಈ ಪತ್ರ ಬರೆಯುತ್ತಿರುವುದು ಆ ಕೊನೆಯ ಸಾಲಿಗಾಗಿ.

ನಾನು ಅಂಥ ಒಂದು ಉಪಕೇಂದ್ರದ ಮನೆಯವನು. ಚನ್ನಗಿರಿ ಕಡೆ, ಅಡಿಕೆ ತೋಟ ಮತ್ತು ಮೆಕ್ಕೆಜೋಳದ ಹೊಲಗಳ ನಡುವಿನ ಹಳ್ಳಿ. ಪೇಟೆಯ ಚರ್ಚಿಗೆ ಹೋಗುವವರಿಗೆ ಉಪಕೇಂದ್ರ ಅಂದರೆ ಏನು ಅಂತ ಅಷ್ಟಾಗಿ ಗೊತ್ತಿರುವುದಿಲ್ಲ. ಗುರುಗಳ ಮನೆ ಇರುವುದು ದೊಡ್ಡ ಊರಲ್ಲಿ. ಅದು ಧರ್ಮಕೇಂದ್ರ, ಅಲ್ಲಿ ದಿನಾ ಪೂಜೆ. ಸುತ್ತಲಿನ ಹಳ್ಳಿಗಳಲ್ಲಿ ಹತ್ತೋ ಇಪ್ಪತ್ತೋ ಮನೆ, ಒಂದು ಸಣ್ಣ ಗುಡಿ. ಅಲ್ಲಿಗೆ ಗುರುಗಳು ವಾರಕ್ಕೊಮ್ಮೆ ಬಂದರೆ ಪುಣ್ಯ. ಹಿಂದೆ ತಿಂಗಳಿಗೊಮ್ಮೆ, ಮಳೆಗಾಲದಲ್ಲಿ ಅದೂ ಇಲ್ಲ. ಮಣ್ಣಿನ ಗೋಡೆ, ಹುಲ್ಲಿನ ಸೂರು. ಆಮೇಲೆ ಹೆಂಚು, ಅದಾದ ಮೇಲೆ ತಗಡು, ಈಗ ಆರ್‌ಸಿಸಿ. ಗೋಡೆ ಬದಲಾದಾಗಲೆಲ್ಲ ಹಳೆಯ ಕಲ್ಲು, ಹಳೆಯ ಫಲಕ ಎಲ್ಲಿಗೆ ಹೋಯಿತು ಅಂತ ಯಾರೂ ಕೇಳಲಿಲ್ಲ.

ಎಷ್ಟೋ ಕಡೆ ಮೊದಲು ಹುಟ್ಟಿದ್ದೇ ಈ ಹಳ್ಳಿಯ ಗುಡಿ. ಮನೆಗಳು ಬಂದವು, ಪ್ರಾರ್ಥನೆ ಶುರುವಾಯಿತು. ಎಷ್ಟೋ ಕಾಲದ ಮೇಲೆ ದೊಡ್ಡ ಊರಲ್ಲಿ ಧರ್ಮಕೇಂದ್ರ ಎದ್ದಿತು. ಕಾಗದದಲ್ಲಿ ಮಾತ್ರ ಧರ್ಮಕೇಂದ್ರ ಆದ ದಿನದಿಂದ ಚರಿತ್ರೆ ಶುರು. ಅದಕ್ಕೆ ಮುಂಚೆ ಇಲ್ಲಿ ಏನೂ ಇರಲಿಲ್ಲವೇನೋ ಅನ್ನುವ ಹಾಗೆ.

ದೊಡ್ಡ ಚರಿತ್ರೆ ನಮಗೆ ಗೊತ್ತು, ಅದನ್ನು ಬೇಗ ಹೇಳಿ ಮುಗಿಸುತ್ತೇನೆ. 17ನೇ ಶತಮಾನದ ನಡುವಿನಲ್ಲಿ ಯೇಸುಸಭೆಯ (ಜೆಸ್ವಿಟ್) ಇಟಲಿ ಗುರುಗಳು ಶ್ರೀರಂಗಪಟ್ಟಣಕ್ಕೆ ಬಂದರು. 1773ರಲ್ಲಿ ರೋಮಿನಲ್ಲೇ ಯೇಸುಸಭೆಯನ್ನು ಮುಚ್ಚಿದರು. ಆಮೇಲೆ ಈ ಕೆಲಸ ಪ್ಯಾರಿಸ್ ಮಿಷನ್ ಗುರುಗಳ ಕೈಗೆ ಬಂತು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಫ್ರೆಂಚ್ ಗುರು ಅಬ್ಬೆ ದ್ಯುಬ್ವಾ ಚದುರಿದ ಕ್ರೈಸ್ತರನ್ನು ಒಟ್ಟು ಮಾಡಿದರು. 1850ರಲ್ಲಿ ಮೈಸೂರಿಗೆ ಬೇರೆ ವಿಕಾರಿಯೇಟ್ (ಧರ್ಮಕ್ಷೇತ್ರ ಆಗುವ ಮುಂಚಿನ ಹಂತ) ಆಯಿತು, 1886ರಲ್ಲಿ ಧರ್ಮಕ್ಷೇತ್ರ. 1940ರಲ್ಲಿ ಬೆಂಗಳೂರು ಬೇರೆಯಾಯಿತು. 1963ರಲ್ಲಿ ಚಿಕ್ಕಮಗಳೂರು, 1988ರಲ್ಲಿ ಶಿವಮೊಗ್ಗ. ಇಷ್ಟನ್ನು ಯಾವ ಸಂಚಿಕೆ ತೆರೆದರೂ ಓದಬಹುದು. ಇದರಲ್ಲಿ ನಮ್ಮ ಹಳ್ಳಿ ಎಲ್ಲಿದೆ?

ಹಳ್ಳಿ ಇರುವುದು ಬರದಲ್ಲಿ. 1876ರಿಂದ 78ರವರೆಗಿನ ಬರವನ್ನು ನಮ್ಮ ಕಡೆ ಹಿರಿಯರು ಧಾತು ಈಶ್ವರದ ಬರ ಅನ್ನುತ್ತಿದ್ದರು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ 50 ಲಕ್ಷ ಜನ ಇದ್ದರು. 1881ರಲ್ಲಿ ಎಣಿಸಿದಾಗ ಉಳಿದವರು ಸುಮಾರು 42 ಲಕ್ಷ. ಚಿತ್ರದುರ್ಗದ ಬಯಲು ಸೀಮೆ ಮೊದಲೇ ಒಣ ನೆಲ. ಆ ದಿನಗಳಲ್ಲಿ ಮಿಷನ್‌ನವರು ಗಂಜಿ ಕೊಟ್ಟರು, ಅನಾಥ ಮಕ್ಕಳನ್ನು ಸಾಕಿದರು, ಬೆಂಗಳೂರಿನ ಹೊರಗೆ ಸಿಲ್ವೇಪುರದಂಥ ಹೊಸ ಊರುಗಳನ್ನೇ ಕಟ್ಟಿದರು. ‘ಗಂಜಿಗೆ ಜಾತಿ ಬಿಟ್ಟವರು’ ಅಂತ ಈಗಲೂ ಕೆಲವರು ಚುಚ್ಚುತ್ತಾರೆ. ನಮ್ಮ ಸಂಚಿಕೆಗಳು ಈ ಮಾತಿಗೆ ಹೆದರಿ ಬರದ ಕಾಲವನ್ನೇ ಹಾರಿಸಿಬಿಡುತ್ತವೆ. ಯಾಕೆ ಹಾರಿಸಬೇಕು? ಹಸಿದಿದ್ದರು, ಬಂದರು, ಉಳಿದರು. ಕೆಲವರು ಹೊಟ್ಟೆ ತುಂಬಿದ ಮೇಲೆ ವಾಪಸ್ಸು ಹೋಗಿದ್ದಾರೆ, ಅದನ್ನೂ ಬರೆಯಿರಿ. ಹಸಿವಿನಲ್ಲಿ ಬಂದ ಅಜ್ಜನ ಬಗ್ಗೆ ನಾಚಿಕೆಪಡುವಂಥದ್ದು ನನಗಂತೂ ಏನೂ ಕಾಣುವುದಿಲ್ಲ.

ಹಳ್ಳಿ ಇರುವುದು ಕೂಲಿಯಲ್ಲೂ ಹೌದು. ಗುಬ್ಬಿಯಿಂದ ಹರಿಹರದವರೆಗೆ ರೈಲು ಬಂದದ್ದು 1889ರಲ್ಲಿ. ಹಿರಿಯೂರಿನ ಹತ್ತಿರ ಮಾರಿ ಕಣಿವೆಗೆ ಅಡ್ಡಲಾಗಿ ವಾಣಿವಿಲಾಸ ಸಾಗರ ಕಟ್ಟಲು ಶುರು ಮಾಡಿದ್ದು 1898ರಲ್ಲಿ, ಮುಗಿದದ್ದು 1907ರಲ್ಲಿ. ಆ ಅಣೆಕಟ್ಟೆ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಎಲ್ಲರೂ ಹೋಗಿ ಫೋಟೋ ತೆಗೆದುಕೊಂಡು ಬಂದರು. ಅದರ ಕಲ್ಲು ಹೊತ್ತವರು ಯಾರು, ಅವರು ಎಲ್ಲಿ ಗುಡಿಸಲು ಹಾಕಿಕೊಂಡಿದ್ದರು, ಅವರಲ್ಲಿ ಸತ್ತವರನ್ನು ಎಲ್ಲಿ ಹೂತರು ಅಂತ ಕೇಳಿದವರು ಕಡಿಮೆ. ಆಮೇಲೆ 1941ರಲ್ಲಿ ಹರಿಹರಕ್ಕೆ ಮೈಸೂರು ಕಿರ್ಲೋಸ್ಕರ್ ಬಂತು. ದಾವಣಗೆರೆಯಲ್ಲಿ ಹತ್ತಿ ಗಿರಣಿಗಳು ಎದ್ದವು. 1960ರ ದಶಕದಲ್ಲಿ ಭದ್ರಾ ನಾಲೆ ನೀರು ಬಂತು, ಭತ್ತ ಬಂತು. ಕೆಲಸ ಇದ್ದ ಕಡೆಗೆ ತಮಿಳು ಸೀಮೆಯಿಂದ, ಮಂಗಳೂರು ಕಡೆಯಿಂದ, ಕೇರಳದಿಂದ ಜನ ಬಂದರು. ಬಂದವರಲ್ಲಿ ಜಪಸರ ಹಿಡಿದವರೂ ಇದ್ದರು. ಹಾಗಾಗಿಯೇ ಇವತ್ತು ಒಂದೇ ಗುಡಿಯಲ್ಲಿ ಪೂಜೆ ಕನ್ನಡದಲ್ಲಿ, ಜಗುಲಿ ಮೇಲಿನ ಜಗಳ ಕೊಂಕಣಿಯಲ್ಲಿ, ಅಜ್ಜಿಯ ಪ್ರಾರ್ಥನೆ ತಮಿಳಲ್ಲಿ ನಡೆಯುತ್ತದೆ. ಯಾವ ಮನೆ ಯಾವ ಕೆಲಸದ ಹಿಂದೆ ಬಂತು ಅಂತ ಬರೆದರೆ ಅದೇ ಆ ಗುಡಿಯ ಚರಿತ್ರೆ.

ಬರೆಯಲು ಆಧಾರ ಎಲ್ಲಿದೆ ಅಂತ ಕೇಳಬಹುದು. ಇದೆ, ಗುರುಗಳ ಕಚೇರಿಯ ಬೀರುವಿನಲ್ಲೇ ಇದೆ. ಜ್ಞಾನಸ್ನಾನದ (ಬ್ಯಾಪ್ಟಿಸಂ) ಪುಸ್ತಕ, ಮದುವೆ ಪುಸ್ತಕ, ಮರಣದ ಪುಸ್ತಕ.

ಒಮ್ಮೆ ಮದುವೆ ಪತ್ರದ ಕೆಲಸಕ್ಕೆ ಹೋದಾಗ ಗುರುಗಳು ಹಳೆಯ ಜ್ಞಾನಸ್ನಾನದ ಪುಸ್ತಕವನ್ನು ಮೇಜಿನ ಮೇಲೆ ಬಿಚ್ಚಿಟ್ಟರು. ನೋಡಲು ಅಂಗಡಿಯವರ ಖಾತೆ ಪುಸ್ತಕದ ಹಾಗೆ ಉದ್ದಕ್ಕೆ, ದಪ್ಪಕ್ಕೆ ಇತ್ತು. ಬೆನ್ನಿನ ಬಟ್ಟೆ ಹರಿದಿತ್ತು. ಶಾಯಿ ಕಂದು ಬಣ್ಣಕ್ಕೆ ತಿರುಗಿ, ದಪ್ಪ ಗೆರೆ ಎಳೆದ ಕಡೆ ಕಾಗದವನ್ನೇ ತಿಂದಿತ್ತು. ಬರೆದದ್ದು ಲ್ಯಾಟಿನ್‌ನಲ್ಲಿ. ‘ಎಗೊ ಇನ್ಫ್ರಾಸ್ಕ್ರಿಪ್ತುಸ್ ಬಾಪ್ತಿಜಾವಿ’, ಅಂದರೆ ಕೆಳಗೆ ಸಹಿ ಮಾಡಿದ ನಾನು ಜ್ಞಾನಸ್ನಾನ ಕೊಟ್ಟೆ. ಮಗು ಹುಟ್ಟಿದ ದಿನ, ಸ್ನಾನದ ದಿನ, ತಂದೆ, ತಾಯಿ, ಜ್ಞಾನ ತಂದೆ, ಜ್ಞಾನ ತಾಯಿ, ಊರು. ಪಕ್ಕದ ಅಂಚಿನಲ್ಲಿ ಬೇರೆ ಶಾಯಿ, ಬೇರೆ ಕೈಬರಹ: ಇಪ್ಪತ್ತು ವರ್ಷ ಬಿಟ್ಟು ಅದೇ ಮಗುವಿಗೆ ಯಾವ ಊರಲ್ಲಿ, ಯಾರ ಜೊತೆ ಮದುವೆ ಆಯಿತು ಅಂತ. ಒಂದು ಸಾಲಿನಲ್ಲಿ ಒಬ್ಬ ಹೆಣ್ಣುಮಗಳ ಅರ್ಧ ಬದುಕು. ಅವಳ ಬಗ್ಗೆ ಜಗತ್ತಿನಲ್ಲಿ ಇರುವ ಕಾಗದ ಬಹುಶಃ ಅದೊಂದೇ. 1969ರ ಜನನ ಮರಣ ನೋಂದಣಿ ಕಾಯ್ದೆಗಿಂತ ಮುಂಚೆ ಹಳ್ಳಿಯಲ್ಲಿ ಹುಟ್ಟಿದ ಎಷ್ಟೋ ಜನರಿಗೆ ಹುಟ್ಟಿದ ದಿನ ಅಂತ ಇರುವುದು ಇದೇ ಪುಸ್ತಕದಲ್ಲಿ.

ಹೆಸರು ಹುಡುಕುವವರಿಗೆ ಒಂದು ಸೂಚನೆ. ನಿಮ್ಮ ಮುತ್ತಜ್ಜ ಊರಲ್ಲಿ ರಾಯಪ್ಪ ಆಗಿದ್ದರೆ ಪುಸ್ತಕದಲ್ಲಿ ಪೆತ್ರುಸ್ ಆಗಿರಬಹುದು. ಚೌರಪ್ಪನನ್ನು ಕ್ಸವೇರಿಯುಸ್ ಅಂತಲೂ, ಇನ್ನಾಸಪ್ಪನನ್ನು ಇಗ್ನಾತಿಯುಸ್ ಅಂತಲೂ ಹುಡುಕಿ. ಊರ ಹೆಸರಿನ ಗತಿ ಇನ್ನೂ ತಮಾಷೆ. ಫ್ರೆಂಚ್ ಕಿವಿಗೆ ಹೇಗೆ ಕೇಳಿಸಿತೋ ಹಾಗೆ ಬರೆದಿರುತ್ತಾರೆ. ಗಟ್ಟಿಯಾಗಿ ಓದಿಕೊಂಡರೆ ಊರು ಸಿಗುತ್ತದೆ.

ಉಪಕೇಂದ್ರದ ಕಷ್ಟ ಇರುವುದು ಇಲ್ಲೇ. ನಮ್ಮ ಗುಡಿಯಲ್ಲಿ ನಡೆದ ಸ್ನಾನ, ಮದುವೆ, ಸಾವು ಎಲ್ಲವೂ ಬರೆದಿರುವುದು ಧರ್ಮಕೇಂದ್ರದ ಪುಸ್ತಕದಲ್ಲಿ. ನಾಳೆ ನಮ್ಮ ಉಪಕೇಂದ್ರವೇ ಬೇರೆ ಧರ್ಮಕೇಂದ್ರ ಆದರೆ ಹೊಸ ಪುಸ್ತಕ ಶುರುವಾಗುತ್ತದೆ, ಹಳೆಯದು ತಾಯಿ ಚರ್ಚಿನಲ್ಲೇ ಉಳಿಯುತ್ತದೆ. ಹೊಸ ಧರ್ಮಕೇಂದ್ರದ ಸಂಚಿಕೆ ಬರೆಯುವವರು ಹೊಸ ಪುಸ್ತಕ ಮಾತ್ರ ನೋಡುತ್ತಾರೆ. ತಾಯಿ ಚರ್ಚಿನವರು ‘ಅದು ಈಗ ನಮ್ಮದಲ್ಲ’ ಅಂತ ಬಿಡುತ್ತಾರೆ. ಹೀಗೆ ನೂರು ವರ್ಷದ ಹಳ್ಳಿ ಇಬ್ಬರ ಲೆಕ್ಕದಿಂದಲೂ ಬಿದ್ದುಹೋಗುತ್ತದೆ.

ಇನ್ನು ಉಪದೇಶಿಗಳ ವಿಷಯ. ನನಗೆ ಎಲ್ಲಕ್ಕಿಂತ ಜಾಸ್ತಿ ಸಂಕಟ ಆಗುವುದು ಇಲ್ಲಿ. ಗುರುಗಳು ತಿಂಗಳಿಗೊಂದು ದಿನ ಬರುತ್ತಿದ್ದರು. ಎತ್ತಿನ ಗಾಡಿಯಲ್ಲಿ, ಕುದುರೆ ಮೇಲೆ, ಸೈಕಲ್ಲಿನಲ್ಲಿ, ಕೊನೆಕೊನೆಗೆ ಮೋಟಾರ್ ಬೈಕಿನಲ್ಲಿ. ಜೊತೆಗೆ ಪೂಜೆ ಪೆಟ್ಟಿಗೆ. ಪೂಜೆ ಪಾತ್ರೆ, ದ್ರಾಕ್ಷಾರಸದ ಶೀಶೆ, ಮೇಣದ ಬತ್ತಿ, ಪೀಠದ ಮೇಲೆ ಇಡುವ ಚಪ್ಪಟೆ ಕಲ್ಲು. ಆ ಕಲ್ಲಿನೊಳಗೆ ಸಂತರ ಅವಶೇಷ ಇರುತ್ತಿತ್ತು, ಅದಿಲ್ಲದೆ ಹಳ್ಳಿಯ ಗುಡಿಯಲ್ಲಿ ಪೂಜೆ ಇಡುವ ಹಾಗಿರಲಿಲ್ಲ. ಉಳಿದ 29 ದಿನ ಗುಡಿ ನಡೆಸಿದವನು ಉಪದೇಶಿ. ಸಂಜೆ ಗಂಟೆ ಹೊಡೆಯುವವನು, ಮಕ್ಕಳಿಗೆ ಜ್ಞಾನೋಪದೇಶ ಬಾಯಿಪಾಠ ಮಾಡಿಸುವವನು, ಸಾಯುವ ಮಗುವಿಗೆ ಗುರುಗಳಿಲ್ಲದಾಗ ತಾನೇ ನೀರು ಹಾಕುವವನು, ಹೆಣ ಹೂಳುವಾಗ ಪ್ರಾರ್ಥನೆ ಹೇಳುವವನು, ಆಮೇಲೆ ನಡೆದುಹೋಗಿ ಗುರುಗಳಿಗೆ ಹೆಸರು ಬರೆಸಿ ಬರುವವನು. ಎರಡನೇ ವ್ಯಾಟಿಕನ್ ಮಹಾಸಭೆ 1962ರಿಂದ 65ರವರೆಗೆ ನಡೆಯಿತು. ಅದಾದ ಮೇಲೆ ಪೂಜೆ ಕನ್ನಡಕ್ಕೆ ಬಂತು ಅಂತ ನಾವು ಹೆಮ್ಮೆಪಡುತ್ತೇವೆ. ಪೂಜೆ ಲ್ಯಾಟಿನ್‌ನಲ್ಲಿ ನಡೆಯುತ್ತಿದ್ದ ಕಾಲದಲ್ಲೂ ಹಳ್ಳಿಯ ಜಪಸರ, ಶಿಲುಬೆ ಹಾದಿ ಎಲ್ಲ ನಡೆಸಿದವನು ಇದೇ ಉಪದೇಶಿ, ಜನರ ಮಾತಲ್ಲೇ. ಅವನ ಫೋಟೋ ಯಾವ ಸಂಚಿಕೆಯಲ್ಲಿದೆ ಹೇಳಿ? ಅವನ ಹೆಂಡತಿಯ ಹೆಸರು? ಗುರುಗಳು ಬಂದ ದಿನ ಅಷ್ಟೂ ಜನಕ್ಕೆ ಅಡುಗೆ ಮಾಡಿದವಳು ಅವಳೇ ಅಲ್ವಾ?

ಹೀಗಂದ ಮಾತ್ರಕ್ಕೆ ಗುರುಗಳ ಹೆಸರು ಬೇಡ ಅಂತ ನಾನು ಹೇಳುತ್ತಿಲ್ಲ. ಫ್ರಾನ್ಸಿನಿಂದ ಬಂದು, ಬೇರೆಯವರ ಭಾಷೆ ಕಲಿತು, ಜ್ವರದಲ್ಲಿ ಸತ್ತು ಇಲ್ಲೇ ಮಣ್ಣಾದವರಿದ್ದಾರೆ. ಲ್ಯಾಟಿನ್ ಕನ್ನಡ ನಿಘಂಟು ಮಾಡಿ ಬೆಂಗಳೂರಿನಲ್ಲೇ ಅಚ್ಚು ಹಾಕಿಸಿದವರೂ ಅವರೇ. ಅವರು ವರ್ಷ ವರ್ಷ ಪ್ಯಾರಿಸ್ಸಿಗೆ ಕಳಿಸಿದ ವರದಿಗಳು ಅವರ ಸಂಘದ ದಾಖಲೆ ಭಂಡಾರದಲ್ಲಿವೆ. ಮೈಸೂರು ಮಿಷನ್‌ನ ವರದಿಗಳನ್ನು ಈಗ ಮನೆಯಲ್ಲೇ ಕೂತು ಅಂತರಜಾಲದಲ್ಲಿ ಓದಬಹುದು, ಫ್ರೆಂಚ್ ಬಂದರೆ ಸಾಕು. ನಮ್ಮ ಗುರುಮಠದಲ್ಲಿ ಓದುತ್ತಿರುವ ಹುಡುಗರಲ್ಲಿ ಒಬ್ಬರಿಗೆ ಈ ಕೆಲಸ ವಹಿಸಬಾರದೇ? ಆದರೆ ಆ ವರದಿಗಳನ್ನು ಬರೆದದ್ದು ಹಣ ಕಳಿಸುವವರ ಕಣ್ಣಿಗೆ ಬೀಳಲಿ ಅಂತ. ಎಷ್ಟು ಸ್ನಾನ ಆಯಿತು ಅಂತ ದೊಡ್ಡದಾಗಿ ಇರುತ್ತದೆ, ಎಷ್ಟು ಮನೆ ಬಿಟ್ಟು ಹೋಯಿತು ಅಂತ ಸಣ್ಣದಾಗಿ ಇರುತ್ತದೆ. ಅದನ್ನು ನಮ್ಮ ಪುಸ್ತಕದ ಜೊತೆ, ನಮ್ಮ ಅಜ್ಜಿಯರ ಮಾತಿನ ಜೊತೆ ಇಟ್ಟು ಓದಬೇಕು.

ಅಜ್ಜಿಯರು ಹೇಳುವುದು ಸಿಹಿಯಾಗಿಯೇ ಇರುತ್ತದೆ ಅಂತ ಅಂದುಕೊಳ್ಳಬೇಡಿ. ಗುಡಿಯಲ್ಲಿ ಯಾರು ಮುಂದೆ ಕೂತರು, ಯಾರು ಬಾಗಿಲ ಹತ್ತಿರ ಕೂತರು, ಸಮಾಧಿ ತೋಟದಲ್ಲಿ ಯಾವ ಸಾಲು ಯಾರದ್ದು, ತೇರಿಗೆ ಹೆಗಲು ಕೊಡಲು ಯಾರನ್ನು ಬಿಡಲಿಲ್ಲ, ಎಲ್ಲವೂ ಅವರಿಗೆ ನೆನಪಿದೆ. ದಕ್ಷಿಣ ಭಾರತದ ಧರ್ಮಸಭೆಯಲ್ಲಿ ಜಾತಿ ಇತ್ತು, ಇದೆ. ಅದನ್ನು ಬಿಟ್ಟು ಬರೆದ ಚರಿತ್ರೆಯನ್ನು ನಮ್ಮ ದಲಿತ ಮನೆಗಳ ಹುಡುಗರು ಓದಿ ನಗುತ್ತಾರೆ. ಒಳ್ಳೆಯದೂ ಇದೆ, ಅದನ್ನೂ ಬರೆಯಿರಿ. ಗುಡಿಗೆ ಜಾಗ ಬಿಟ್ಟ ಲಿಂಗಾಯತ ಗೌಡರು, ಸಂತ ಅಂತೋಣಪ್ಪನಿಗೆ ಮಂಗಳವಾರ ಹರಕೆ ಹೊತ್ತ ನೆರೆಮನೆಯವರು. ಸೆಪ್ಟೆಂಬರ್ 8ರ ಹಬ್ಬಕ್ಕೆ ಹರಿಹರದ ಆರೋಗ್ಯ ಮಾತೆಯ ಬೆಸಿಲಿಕಾ ಮುಂದೆ ನಿಂತು ನೋಡಿ. ಕೈಮುಗಿಯುವವರಲ್ಲಿ ಜ್ಞಾನಸ್ನಾನ ಆದವರು ಯಾರು, ಆಗದವರು ಯಾರು ಅಂತ ಹೇಳಲು ಆಗುವುದಿಲ್ಲ.

ಈಗ ನನ್ನ ಬೇಡಿಕೆಗಳು.

ಪೂಜ್ಯ ಧರ್ಮಾಧ್ಯಕ್ಷರೇ, 1983ರ ಧರ್ಮಸಭೆಯ ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 535ನೇ ನಿಯಮದ ಪ್ರಕಾರ ಪ್ರತಿ ಧರ್ಮಕೇಂದ್ರದಲ್ಲೂ ದಾಖಲೆ ಕೋಣೆ ಇರಬೇಕು, ಹಳೆಯ ಪುಸ್ತಕಗಳನ್ನೂ ಜೋಪಾನವಾಗಿ ಕಾಯಬೇಕು, ತಾವು ಭೇಟಿಗೆ ಬಂದಾಗ ತಾವೋ ತಮ್ಮ ಪ್ರತಿನಿಧಿಯೋ ಅವನ್ನು ನೋಡಬೇಕು. 555ನೇ ನಿಯಮ ಅದೇ ಜವಾಬ್ದಾರಿಯನ್ನು ವಲಯದ ಮುಖ್ಯ ಗುರುಗಳ ಮೇಲೂ ಹಾಕುತ್ತದೆ. ತಾವು ಬರುವಾಗ ಬ್ಯಾಂಡ್‌ಸೆಟ್ಟು, ಹೂಮಾಲೆ, ಮಧ್ಯಾಹ್ನದ ಊಟ ಎಲ್ಲ ಇರಲಿ. ಒಂದು ಗಂಟೆ ಆ ಬೀರು ತೆಗೆಸಿ. ಗೆದ್ದಲು ಹತ್ತಿದೆಯಾ, ಗೋಡೆ ಸೋರುತ್ತಿದೆಯಾ ನೋಡಿ.

ಗುರುಗಳಲ್ಲಿ ಒಂದು ವಿನಂತಿ. ಹರಿದ ಪುಟಕ್ಕೆ ಸೆಲ್ಲೋ ಟೇಪ್ ಹಚ್ಚಬೇಡಿ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಟೇಪಿನ ಅಂಟು ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಕಾಗದವನ್ನೇ ಸುಡುತ್ತದೆ. ನೆಲಕ್ಕೆ, ಗೋಡೆಗೆ ತಾಗದ ಹಾಗೆ ಇಡಿ. ಒಣ ಬಟ್ಟೆಯಲ್ಲಿ ಸುತ್ತಿಡಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಬೆವರುತ್ತದೆ. ಪ್ರತಿ ಪುಟದ ಫೋಟೋ ತೆಗೆಯಲು ಈಗ ಒಳ್ಳೆಯ ಮೊಬೈಲ್ ಸಾಕು. ಕಿಟಕಿ ಬೆಳಕು, ಮೇಲಿನಿಂದ ನೇರ, ಫ್ಲ್ಯಾಶ್ ಇಲ್ಲದೆ. ಒಂದು ಪ್ರತಿ ಧರ್ಮಕೇಂದ್ರದಲ್ಲಿ, ಇನ್ನೊಂದು ಶಿವಮೊಗ್ಗದಲ್ಲಿ.

ಫೋಟೋ ತೆಗೆದ ಕೂಡಲೇ ವಾಟ್ಸಾಪಿಗೆ ಹಾಕುವ ಉತ್ಸಾಹಿಗಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅದು ಖಂಡಿತ ಕೂಡದು. ಆ ಪುಸ್ತಕದಲ್ಲಿ ತಂದೆಯ ಹೆಸರು ಇಲ್ಲದ ಮಕ್ಕಳಿದ್ದಾರೆ, ದತ್ತು ಬಂದವರಿದ್ದಾರೆ, ಮೊದಲು ಯಾವ ಜಾತಿ ಅಂತ ಬರೆದಿರುವುದೂ ಇರಬಹುದು. ಮತಾಂತರದ ಹೆಸರಲ್ಲಿ ಜಗಳ ತೆಗೆಯುವ ಕಾಲ ಇದು. ಬದುಕಿರುವವರ ವಿವರ ಹೊರಗೆ ಹೋಗಬಾರದು. ಚರಿತ್ರೆ ಬರೆಯುವವರಿಗೆ ಹಳೆಯ ಪುಸ್ತಕ ಮಾತ್ರ, ಅದೂ ಗುರುಗಳ ಎದುರಿಗೇ ಕೂತು ನೋಡುವ ವ್ಯವಸ್ಥೆ ಆಗಲಿ.

ಉಪಕೇಂದ್ರದ ಜಾಗದ ಕಾಗದವನ್ನೂ ಈ ಜೊತೆಗೇ ನೋಡಿ. ಪಹಣಿಯ 9ನೇ ಕಾಲಂನಲ್ಲಿ ಯಾರ ಹೆಸರಿದೆ? ಎಂದೋ ತೀರಿಕೊಂಡ ಗುರುವಿನ ಹೆಸರೋ, ಜಾಗ ಕೊಟ್ಟ ರೈತನ ಹೆಸರೋ? ಕೊಟ್ಟವರ ಮೊಮ್ಮಕ್ಕಳು ಒಳ್ಳೆಯವರಾಗಿ ಇರುವಾಗಲೇ ಸರಿ ಮಾಡಿಕೊಂಡರೆ ಕೋರ್ಟಿನ ಖರ್ಚು ಉಳಿಯುತ್ತದೆ. ಜಾಗ ಕೊಟ್ಟವರ ಹೆಸರನ್ನು ಚರಿತ್ರೆಯಲ್ಲಿ ಬರೆಯಲೂ ಅದೇ ದಾಖಲೆ ಬೇಕು.

ನಮ್ಮ ಜನಕ್ಕೆ ಹೇಳುವುದು ಇಷ್ಟು. ಗುರುಗಳೇ ಎಲ್ಲ ಮಾಡಲಿ ಅಂತ ಸುಮ್ನೆ ಕೂರಬೇಡಿ. ಅವರು ನಾಲ್ಕೈದು ವರ್ಷ ಇದ್ದು ವರ್ಗವಾಗಿ ಹೋಗುವವರು, ಊರು ನಮ್ಮದು. ಮನೆಯ ಟ್ರಂಕಿನಲ್ಲಿ ಮದುವೆ ಫೋಟೋ, ಹಳೆಯ ಪ್ರಾರ್ಥನೆ ಪುಸ್ತಕ, ಗುಡಿ ಕಟ್ಟಿದಾಗಿನ ಚಂದಾ ರಸೀದಿ ಇದ್ದರೆ ಹೊರಗೆ ತೆಗೆಯಿರಿ. ಎಂಬತ್ತು ದಾಟಿದವರ ಹತ್ತಿರ ಕೂತು ರೆಕಾರ್ಡ್ ಮಾಡಿ. ‘ನಿಮ್ಮ ಕಾಲ ಹೇಗಿತ್ತು ಅಜ್ಜಿ’ ಅಂತ ಕೇಳಿದರೆ ‘ಚೆನ್ನಾಗಿತ್ತಪ್ಪ’ ಅಂತ ಮುಗಿಸುತ್ತಾರೆ. ಮೊದಲ ಗುಡಿಯ ಬಾಗಿಲು ಯಾವ ಕಡೆಗಿತ್ತು, ಗಂಟೆ ಬರುವ ಮುಂಚೆ ಏನು ಬಾರಿಸುತ್ತಿದ್ದರು, ಕ್ರಿಸ್ಮಸ್ ಗೋದಲಿಗೆ ಹುಲ್ಲು ಯಾರ ಹೊಲದಿಂದ ತರುತ್ತಿದ್ದರು, ಗುರುಗಳು ಬಂದರೆ ಎಲ್ಲಿ ಮಲಗುತ್ತಿದ್ದರು ಅಂತ ಕೇಳಿ. ಆಗ ಮಾತು ನಿಲ್ಲುವುದಿಲ್ಲ.

ಮೇ ತಿಂಗಳ ಹೊತ್ತಿಗೆ ಗುರುಗಳ ವರ್ಗಾವಣೆ ಪಟ್ಟಿ ಬರುತ್ತದೆ. ಹೋಗುವವರು ಬರುವವರಿಗೆ ಬೀಗದ ಕೈ, ಬ್ಯಾಂಕ್ ಪಾಸ್‌ಬುಕ್, ಜೀಪಿನ ಕಾಗದ ಒಪ್ಪಿಸಿ ಸಹಿ ಹಾಕುತ್ತಾರೆ. ಈ ಸಲದಿಂದ ಆ ಪಟ್ಟಿಗೆ ಎರಡು ಸಾಲು ಸೇರಿಸಿ: ಯಾವ ವರ್ಷದಿಂದ ಯಾವ ವರ್ಷದವರೆಗಿನ ಎಷ್ಟು ಪುಸ್ತಕ, ಯಾವ ಸ್ಥಿತಿಯಲ್ಲಿ, ಮತ್ತು ಪ್ರತಿ ಉಪಕೇಂದ್ರದಲ್ಲಿ ಹಳೆಯದನ್ನು ಬಲ್ಲವರು ಯಾರು, ಅವರ ಮನೆ ಎಲ್ಲಿ. ಸುತ್ತೋಲೆಗೆ ಒಂದು ಹಾಳೆ ಸಾಕು, ಮೇ ಬರುವ ಮೊದಲೇ ಕಳಿಸಬಹುದು.

ಇಂತಿ,
ಚನ್ನಗಿರಿ ತಾಲ್ಲೂಕಿನ ಒಂದು ಉಪಕೇಂದ್ರದಿಂದ
ನಿಮ್ಮವನೊಬ್ಬ